ಕಂಪ್ಯೂಟರಿನ ಗಿಳಿಯನ್ನು ಓಡಿಸಿದ ಮಧ್ಯಾಹ್ನ

ನಮ್ಮ ಮನೆಯ ಕಂಪ್ಯೂಟರಿಗೆ ಗಿಳಿ ಬಂದು ಸೇರಿಕೊಂಡದ್ದು ಅವ್ವನ ಇಸ್ಪೀಟಿನಿಂದ.

ತೊಂಬತ್ತರ ದಶಕ ಮುಗಿಯಲು ಬಂದಿದ್ದ ಕಾಲ. ಆಳಂದದಲ್ಲಿ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡವರು ಬೆರಳೆಣಿಕೆಯಷ್ಟು ಮಂದಿ. ಅದಕ್ಕೆ ಫೋನಿನ ವೈರು ಸಿಕ್ಕಿಸಿ ಇಂಟರ್ನೆಟ್ ನೋಡುತ್ತಿದ್ದವರು ಇನ್ನೂ ಕಡಿಮೆ. ಅಪ್ಪ ತಾಲೂಕು ಕೋರ್ಟಿನಲ್ಲಿ ವಕೀಲರು. ದಾವೆ, ತಕರಾರು, ಅರ್ಜಿಗಳನ್ನೆಲ್ಲ ಬಸ್ ಸ್ಟ್ಯಾಂಡ್ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಹೊಡೆಸುತ್ತಿದ್ದರು. ಅಲ್ಲಿ ವಾದಿಯ ಹೆಸರು ಪ್ರತಿವಾದಿಗೆ, ಪ್ರತಿವಾದಿಯ ಹೆಸರು ಸಾಕ್ಷಿಗೆ ಹೋಗುತ್ತಿತ್ತು. ಅದಕ್ಕೆ ಬೇಸತ್ತು ಕಂಪ್ಯೂಟರ್ ತಂದರು. "ನಿನ್ನ ಕೋರ್ಸೂ ದಂಡ ಆಗಬಾರ್ದವ್ವಾ" ಎಂದು ನನ್ನನ್ನೂ ಆ ಕಾರಣಕ್ಕೆ ಸೇರಿಸಿಕೊಂಡರು. ನಾನು ಗುಲ್ಬರ್ಗದಲ್ಲಿ ಬಿ.ಎಸ್ಸಿ. ಮುಗಿಸಿ, ಅಲ್ಲೇ ಒಂದು ಕಂಪ್ಯೂಟರ್ ಕೋರ್ಸನ್ನೂ ಮಾಡಿಕೊಂಡು ಆಗಷ್ಟೇ ಊರಿಗೆ ಮರಳಿದ್ದೆ.

ಕಂಪ್ಯೂಟರಿನ ಜಾಗ ಮುಂದಿನ ಪಡಸಾಲೆ. ಅದೇ ಅಪ್ಪನ ಆಫೀಸು. ಒಂದು ಕಡೆ ಕಾನೂನು ಪುಸ್ತಕಗಳ ಕಪಾಟು, ಒಂದು ಕಡೆ ಕಕ್ಷಿದಾರರು ಕೂರುವ ಬೆಂಚು, ನಡುವೆ ಅವ್ವ ತನ್ನ ಕೈಯಿಂದಲೇ ಹೆಣೆದ ಬಿಳಿ ಕ್ರೋಶಾ ಬಟ್ಟೆ ಹೊದ್ದು ಕೂತ ಕಂಪ್ಯೂಟರು. ಅಪ್ಪ ಕೋರ್ಟಿಗೆ ಹೋದ ಮೇಲೆ ಅವ್ವ ಬಟ್ಟೆ ಸರಿಸಿ ಅದರಲ್ಲಿದ್ದ ಇಸ್ಪೀಟು ಆಡುತ್ತಿದ್ದಳು. ಮೊದಮೊದಲು ಮೌಸ್ ಮುಟ್ಟಲೂ ಅಂಜುತ್ತಿದ್ದವಳು ಕೆಲವೇ ವಾರಗಳಲ್ಲಿ ಎಷ್ಟು ಚುರುಕಾದಳೆಂದರೆ, ಒಲೆಯ ಮೇಲೆ ಬ್ಯಾಳಿ ಬೇಯಲು ಇಟ್ಟು ಬಂದು ಅದು ಕುದಿಯುವುದರೊಳಗೆ ಒಂದು ಆಟ ಗೆದ್ದು ಹೋಗುತ್ತಿದ್ದಳು.

"ಬ್ಯಾರೆ ಆಟ ಹಾಕಿಕೊಡು ಬೇ. ಇದು ಬಾಯಿಪಾಠ ಆಗ್ಯಾದ" ಎಂದಳು ಒಂದು ದಿನ.

ನಾನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಪುಕ್ಕಟೆ ಸಿಗುವ ಒಂದು ಇಸ್ಪೀಟಿನ ಆಟ ಕಂಡಿತು. ಅದನ್ನು ಇಳಿಸಿಕೊಳ್ಳಲು ಇಡೀ ಮಧ್ಯಾಹ್ನ ಹಿಡಿಯಿತು. ಅಷ್ಟೂ ಹೊತ್ತು ಫೋನು ಎಂಗೇಜ್. ಅಪ್ಪ ಕೋರ್ಟಿನಿಂದ ಮನೆಗೆ ಫೋನ್ ಹಚ್ಚಿ ಹಚ್ಚಿ ಸಾಕಾಗಿ, ನಮಗೇನೋ ಆಗಿದೆ ಎಂದು ಗಾಬರಿಯಾಗಿ ಗುಮಾಸ್ತರನ್ನು ಸೈಕಲ್ ಮೇಲೆ ಕಳಿಸಿದ್ದರು. ಆಟ ಬಂದಿತು. ಬಿಚ್ಚಿ ಕೂರಿಸುವಾಗ ಏನೇನೋ ಇಂಗ್ಲಿಷಿನಲ್ಲಿ ಕೇಳಿತು. ನಾನು 'ಎಸ್, ಎಸ್, ಎಸ್' ಎಂದು ಒತ್ತುತ್ತಾ ಹೋದೆ. ಕೊನೆಗೆ ಇಸ್ಪೀಟು ತೆರೆಯಲಿಲ್ಲ. ಅದರ ಬದಲು ಪರದೆಯ ಮೂಲೆಯಿಂದ ಕೆಂಪು ಟೊಪ್ಪಿಗೆ ಹಾಕಿಕೊಂಡ ಹಸಿರು ಗಿಳಿಯೊಂದು ಹಾರಿ ಬಂದು, ಪರದೆಯ ಮಧ್ಯದಲ್ಲಿ ಕೂತು, ರೆಕ್ಕೆ ಬಡಿದು, "ಕಂಗ್ರಾಚುಲೇಶನ್ಸ್! ಯೂ ಆರ್ ಅ ವಿನ್ನರ್!" ಎಂದು ಕಿರುಚಿತು.

ಅವ್ವನಿಗೆ ಭಾರೀ ಖುಷಿ. "ಏ, ಮಾತಾಡ್ತದಲ್ಲ! ಏನಂತ?"

"ನೀ ಗೆದ್ದಿ ಅಂತದ."

"ಆಡೇ ಇಲ್ಲಲ್ಲ ಇನ್ನಾ!"

ಆ ದಿನದಿಂದ ಬ್ರೌಸರು ನಮ್ಮ ಕೈಯಲ್ಲಿ ಉಳಿಯಲಿಲ್ಲ. ಯೂನಿವರ್ಸಿಟಿಯ ವಿಳಾಸ ಬರೆದರೂ, ಹವಾಮಾನದ ವಿಳಾಸ ಬರೆದರೂ ತೆರೆಯುತ್ತಿದ್ದುದು ಒಂದೇ ಪುಟ: ಗರಗರ ತಿರುಗುವ ಬಣ್ಣಬಣ್ಣದ ಜೂಜಿನ ಚಕ್ರ, ಮೇಲಿನಿಂದ ಸುರಿಯುವ ಬಂಗಾರದ ನಾಣ್ಯ, ಹಿಂದೆ ತುತ್ತೂರಿಯ ಸದ್ದು. ಆ ಪುಟ ಮುಚ್ಚಿದರೆ ಹಿಂದೆ ಇನ್ನೊಂದು, ಅದನ್ನು ಮುಚ್ಚಿದರೆ ಮತ್ತೊಂದು. ಇಂಟರ್ನೆಟ್ ಇಲ್ಲದಾಗಲೂ ಗಿಳಿಗೆ ಬಿಡುವಿರಲಿಲ್ಲ. ಅಪ್ಪನ ಅರ್ಜಿ ಟೈಪು ಮಾಡುತ್ತಿದ್ದರೆ ಹಾರಿ ಬಂದು ಸರಿಯಾಗಿ 'ಸನ್ಮಾನ್ಯ ನ್ಯಾಯಾಧೀಶರ ಸನ್ನಿಧಾನಕ್ಕೆ' ಎಂಬುದರ ಮೇಲೆ ಕೂರುತ್ತಿತ್ತು. ಅವ್ವನ ಪ್ರೀತಿಯೂ ಬೇಗನೆ ಇಳಿಯಿತು. "ಬರೇ ಗೆದ್ದಿ ಗೆದ್ದಿ ಅಂತದ, ಆಡಾಕಂತೂ ಕೊಡವಲ್ತು" ಎಂದು ಅದಕ್ಕೆ ಬೆನ್ನು ತಿರುಗಿಸಿ ಕ್ರೋಶಾ ಹಿಡಿದು ಕೂತಳು.

ಅಪ್ಪನ ತಾಳ್ಮೆ ತಪ್ಪಿದ್ದು ನಿಂಬರ್ಗಾದ ಒಬ್ಬ ಹಿರಿಯರ ಮುಂದೆ. ಅವರದು ಹೊಲದ ಬದುವಿನ ಮೇಲಿನ ಒಂದು ಬೇವಿನ ಮರ ಯಾರದ್ದೆಂದು ತಮ್ಮನ ಜೊತೆ ನಡೆದ ಹಳೆಯ ವ್ಯಾಜ್ಯ. ಆ ದಿನ ತೀರ್ಪು ಅವರ ವಿರುದ್ಧ ಬಂದಿತ್ತು. ಅಪ್ಪ ಅವರನ್ನು ಬೆಂಚಿನ ಮೇಲೆ ಕೂರಿಸಿ, ಚಹಾ ಕೊಡಿಸಿ, ಮೆಲ್ಲಗೆ ವಿಷಯಕ್ಕೆ ಬಂದರು.

"ನೋಡ್ರಿ ಗೌಡ್ರ, ಕೋರ್ಟಿನ ವಿಷಯ, ನಾವಂದಂಗ ಆಗಂಗಿಲ್ಲ..."

"ಕಂಗ್ರಾಚುಲೇಶನ್ಸ್!" ಎಂದಿತು ಗಿಳಿ.

ನಾನು ಟೈಪು ಮಾಡುತ್ತಾ ಕೂತಿದ್ದೆ. ಧ್ವನಿ ಕಡಿಮೆ ಮಾಡುವ ಗುಂಡಿಗೆ ಕೈ ಹಾಕುವುದರೊಳಗೆ "ಯೂ ಆರ್ ಅ ವಿನ್ನರ್!" ಎಂಬುದೂ ಮುಗಿದಿತ್ತು. ಗೌಡರು ಚಹಾದ ಬಸಿ ಕೆಳಗಿಟ್ಟರು. "ಏನಂತ್ರೀ ಅದು?"

ಅಪ್ಪ ನನ್ನನ್ನು ಕಣ್ಣಲ್ಲೇ ಗದರಿಸಿದರು. ಆದರೆ ಗೌಡರು ನನ್ನನ್ನೇ ನೋಡುತ್ತಿದ್ದರು. ಸುಳ್ಳು ಹೇಳಲು ಏನೂ ಹೊಳೆಯಲಿಲ್ಲ. "ನೀವು ಗೆದ್ದೀರಿ ಅಂತದ್ರಿ" ಎಂದೆ.

ಗೌಡರು ಅಪ್ಪನ ಸೋತ ಮುಖ ನೋಡಿದರು, ಪರದೆಯ ಮೇಲೆ ಕುಣಿಯುತ್ತಿದ್ದ ಗಿಳಿಯನ್ನು ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲು ಜಾರಿ ಬೀಳುವ ಹಾಗೆ ನಗಲು ಶುರುಮಾಡಿದರು. "ವಕೀಲ ಸಾಹೇಬ್ರ, ನಿಮ್ಮ ಮಾರಿ ನೋಡಿದ್ರ ನಾ ಸೋತೀನಿ ಅನಸ್ತದ. ಅದು ನೋಡಿದ್ರ ಗೆದ್ದಿ ಅಂತದ. ಅಪೀಲು ಅದರ ಕೈಲೇ ಹಾಕ್ಸೋಣೇನ್ರಿ?"

ಅವರು ನಗುತ್ತಲೇ ಹೋದರು. ಅಪ್ಪ ನಗಲಿಲ್ಲ. ಎದ್ದು ಸ್ಪೀಕರಿನ ವೈರು ಕಿತ್ತು ನನ್ನ ಕೈಗಿಟ್ಟು, "ಇದು ನನ್ನ ಆಫೀಸ್‌ನ್ಯಾಗ ಇರಬಾರ್ದು. ಹೆಂಗ ಕಳಸ್ತೀಯೋ ಕಳಸು" ಎಂದರು.

ಕಳಿಸಲು ನಾನು ಮಾಡದ ಪ್ರಯತ್ನವಿಲ್ಲ. ಕಾರ್ಯಕ್ರಮಗಳನ್ನು ತೆಗೆದುಹಾಕುವ ಪಟ್ಟಿಗೆ ಹೋದೆ. ಅಲ್ಲಿ ಗಿಳಿಯ ಹೆಸರಿತ್ತು. ಒತ್ತಿದರೆ ಗಿಳಿ ಕಣ್ಣೀರು ಹಾಕಿಕೊಂಡು ಬಂದು, ನಿಜವಾಗಿಯೂ ನನ್ನನ್ನು ಕಳಿಸುತ್ತೀಯಾ ಎಂದು ಕೇಳಿತು. ಹೌದು ಎಂದೆ. ಹೋಯಿತು. ಕಂಪ್ಯೂಟರನ್ನು ಮುಚ್ಚಿ ತೆರೆದರೆ ಟೊಪ್ಪಿಗೆ ಸಮೇತ ಹಾಜರು. ಅದರ ಫೋಲ್ಡರನ್ನೇ ಅಳಿಸಲು ಹೋದರೆ, ಅದು ಈಗ ಬಳಕೆಯಲ್ಲಿದೆ, ಅಳಿಸಲಾಗದು ಎಂದಿತು ಕಂಪ್ಯೂಟರು. ನಡೆಯುತ್ತಿರುವ ಕಾರ್ಯಕ್ರಮಗಳ ಪಟ್ಟಿ ತೆಗೆದು ಗಿಳಿಯನ್ನು ನಿಲ್ಲಿಸಿದರೆ, ಎದ್ದು ಹೋಗಿ ನೀರು ಕುಡಿದು ಬರುವುದರೊಳಗೆ ಮತ್ತೆ ಕೂತಿರುತ್ತಿತ್ತು. ಗುಲ್ಬರ್ಗದಲ್ಲಿ ನನಗೆ ಕಲಿಸಿದ್ದ ಸರ್‌ಗೆ ಫೋನ್ ಮಾಡಿದೆ. ಅವರು ಒಂದೇ ಮಾತು ಹೇಳಿದರು: "ಫಾರ್ಮ್ಯಾಟ್ ಮಾಡ್ರಿ." ಎಂದರೆ ಎಲ್ಲವನ್ನೂ ಒರೆಸಿ ಮೊದಲಿನಿಂದ ಕೂರಿಸುವುದು. ಅಪ್ಪನ ಕೇಸುಗಳೆಲ್ಲ ಅದರೊಳಗಿದ್ದವು. ಅಪ್ಪ ಕೇಳಿ, "ಒಂದು ಗಿಣಿ ಸಲುವಾಗಿ ಇಡೀ ಮನಿ ಕೆಡವೂದೇನು?" ಎಂದರು.

ಇದೇ ಹೊತ್ತಿನಲ್ಲಿ ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ ಎಂದು ಮನೆಯಲ್ಲಿ ಮಾತಾಯಿತು. ಜೇವರ್ಗಿಯ ಮನೆತನ. ಹುಡುಗ ಜೂನಿಯರ್ ಎಂಜಿನಿಯರ್, ಅಫಜಲಪುರ ತಾಲೂಕಿನ ಸೊನ್ನದಲ್ಲಿ ಭೀಮಾ ನದಿಯ ಬ್ಯಾರೇಜಿನ ಕೆಲಸದ ಮೇಲಿದ್ದರು. ಅವ್ವ ಫೋಟೋ ತಂದು ಕಂಪ್ಯೂಟರಿನ ಪಕ್ಕದಲ್ಲಿಟ್ಟಳು. ನಾನು ಒಮ್ಮೆ ನೋಡಿ, "ಮೀಸಿ ಛಲೋ ಅದ" ಎಂದು ಮತ್ತೆ ಗಿಳಿಯ ಕಡೆ ತಿರುಗಿದೆ. ನಿಜ ಹೇಳುತ್ತೇನೆ, ಆ ವಾರ ನನ್ನ ತಲೆಯಲ್ಲಿ ಯಾವ ಗಂಡಿಗೂ ಜಾಗವಿರಲಿಲ್ಲ.

ಅವರು ಬರುವ ಭಾನುವಾರ ಬೆಳಿಗ್ಗೆ ನಾನು ಗೆದ್ದೆ ಅಂದುಕೊಂಡೆ. ಕಂಪ್ಯೂಟರ್ ಶುರುವಾಗುವಾಗ ಯಾವ್ಯಾವುದು ತಾನಾಗಿ ಏಳಬೇಕು ಎಂದು ಬರೆದಿಡುವ ಜಾಗವೊಂದಿದೆ, ರಿಜಿಸ್ಟ್ರಿ ಎನ್ನುತ್ತಾರೆ. ಅಲ್ಲಿ ಗಿಳಿಯ ಹೆಸರಿದ್ದ ಸಾಲನ್ನು ಹುಡುಕಿ ಅಳಿಸಿದೆ. ಮುಚ್ಚಿ ತೆರೆದೆ. ಗಿಳಿ ಇಲ್ಲ! ಮತ್ತೆ ಮುಚ್ಚಿ ತೆರೆದೆ. ಇಲ್ಲ! ಸ್ಪೀಕರಿನ ವೈರು ಮತ್ತೆ ಸಿಕ್ಕಿಸಿ, ಕ್ರೋಶಾ ಬಟ್ಟೆ ಹೊದಿಸಿ, ತಲೆಗೆ ಎರೆದುಕೊಳ್ಳಲು ಓಡಿದೆ. ಸೀರೆ ಉಡಿಸುವಾಗ ಅವ್ವ ಪಿನ್ನು ಬಾಯಲ್ಲಿ ಕಚ್ಚಿಕೊಂಡೇ ಬುದ್ಧಿ ಹೇಳಿದಳು: "ತಲಿ ಬಗ್ಗಿಸಿ ಕುಂದರು. ಕೇಳಿದ್ದಕ್ಕಷ್ಟೇ ಹೇಳು. ಮುಖ್ಯ ಅಂದ್ರ ಜೋರಾಗಿ ನಗಬ್ಯಾಡ. ನೀ ನಕ್ಕರ ಓಣಿ ಮಂದಿ ಹೊರಗ ಬರ್ತಾರ."

ಬಂದವರು ಮೂವರು: ಎಂಜಿನಿಯರು, ಅವರ ತಾಯಿ, ತಂದೆ. ತಾಯಿ ಮಾತುಗಾರ್ತಿ, ಬಂದ ಕೂಡಲೇ ಪಡಸಾಲೆಯನ್ನೆಲ್ಲ ಕಣ್ಣಲ್ಲೇ ಒಂದು ಸುತ್ತು ಹಾಕಿದರು. ತಂದೆ ಸುಮ್ಮನಿರುವ ಮನುಷ್ಯ, ಅವರ ಗಮನ ಅವಲಕ್ಕಿ ಚೂಡಾದ ಬಟ್ಟಲಿನ ಮೇಲೆ. ಎಂಜಿನಿಯರು ನೆಲ ನೋಡುತ್ತಾ ಕೂತಿದ್ದರು. ನಾನು ಶಿರಾ, ಚಹಾ ತಂದಿಟ್ಟು ಅವ್ವ ಹೇಳಿದಂತೆ ತಲೆ ಬಗ್ಗಿಸಿ ಕೂತೆ. ಹೀಗಾಗಿ ನಾವಿಬ್ಬರೂ ನೋಡಿದ್ದು ಒಂದೇ ಜಮಖಾನೆಯನ್ನು.

"ರೊಟ್ಟಿ ಬಡೀತಿಯೇನವ್ವಾ?" ಕೇಳಿದರು ತಾಯಿ.

"ಬಡೀತೇನ್ರಿ" ಎಂದೆ. ಒಳಬಾಗಿಲಲ್ಲಿ ಅವ್ವ ಕೆಮ್ಮಿದಳು.

"ಕಂಪ್ಯೂಟರ್ ಕಲ್ತೀಯಂತ. ನಾ ಒಮ್ಮೆರೆ ಕಣ್ಣಿಲೆ ಕಂಡಿಲ್ಲವ್ವಾ. ಅದೇ ಹೌದಲ್ಲ, ಬಟ್ಟಿ ಹಾಕಿದ್ದು? ಜರಾ ತೋರ್ಸು."

ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಬೇರೆ ಇರಲಿಲ್ಲ. ಎದ್ದು ಬಟ್ಟೆ ಸರಿಸಿ ಸ್ವಿಚ್ಚು ಒತ್ತಿದೆ. ಗಿಳಿ ಇಲ್ಲದ ಪರದೆ ಬೆಳಗಿತು. ಅವರ ಹೆಸರು ಕೇಳಿ, ದೊಡ್ಡ ದೊಡ್ಡ ಕನ್ನಡ ಅಕ್ಷರಗಳಲ್ಲಿ, ಕುಂಕುಮದ ಬಣ್ಣದಲ್ಲಿ ಬರೆದೆ. ಅವರು ಹತ್ತಿರ ಬಂದರು. ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಓದಿದರು. "ಅಯ್ಯ, ನಂದೇ ಹೆಸರು!" ಎಂದು ಇನ್ನೂ ಬಗ್ಗಿದರು.

ಆಗ ಬಂತು. ಮೂಲೆಯಿಂದ ಹಾರಿ ಬಂದು, ಸರಿಯಾಗಿ ಅವರ ಹೆಸರಿನ ನೆತ್ತಿಯ ಮೇಲೆ ಕೂತು, ರೆಕ್ಕೆ ಬಡಿದು, "ಕಂಗ್ರಾಚುಲೇಶನ್ಸ್! ಯೂ ಆರ್ ಅ ವಿನ್ನರ್!"

"ಅಯ್ಯ ಶಿವನೇ!" ಎಂದು ತಾಯಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದರು. ತಂದೆಯವರು ಬಾಯಲ್ಲಿ ಚೂಡಾ ತುಂಬಿಕೊಂಡೇ ಎದ್ದು ನಿಂತರು. "ಏನಂತಲೇ ಅದು?" ಎಂದು ಮಗನನ್ನು ಕೇಳಿದರು.

ಎಂಜಿನಿಯರು ಮೊದಲ ಸಲ ತಲೆಯೆತ್ತಿದರು. "ಯವ್ವಾ, ನೀ ಗೆದ್ದಿ ಅಂತದ" ಎಂದರು.

"ನಾ ಏನ್ ಗೆದ್ದೆ? ಇನ್ನಾ ಮಾತುಕತಿನೇ ಆಗಿಲ್ಲ!"

ನನಗೆ ತಡೆದುಕೊಳ್ಳಲಾಗಲಿಲ್ಲ. ಹೊಟ್ಟೆಯ ಬುಡದಿಂದ ಎದ್ದ ನಗು ಅವ್ವನ ಎಲ್ಲ ಬುದ್ಧಿಮಾತನ್ನೂ ಕಿತ್ತುಕೊಂಡು ಹೊರಗೆ ಬಂತು. ಬಾಗಿಲಲ್ಲಿ ಅವ್ವ ಹಣೆ ಚಚ್ಚಿಕೊಂಡದ್ದು ಕಂಡಿತು. ಅಪ್ಪ ಕಪಾಟಿನ ಕಡೆ ತಿರುಗಿ ಯಾವುದೋ ಪುಸ್ತಕ ಹುಡುಕುವವರಂತೆ ನಿಂತರು, ಅವರ ಭುಜ ಅಲುಗುತ್ತಿತ್ತು. ಕಣ್ಣೊರೆಸಿಕೊಂಡು ನೋಡಿದರೆ ಎಂಜಿನಿಯರೂ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಗುತ್ತಿದ್ದರು. ಅವರ ಮೀಸೆ ಕುಣಿಯುತ್ತಿತ್ತು.

ನಗು ಇಳಿದ ಮೇಲೆ ಸಿಟ್ಟು ಬಂತು. ಬೆಳಗಿನಿಂದ ನನ್ನನ್ನು ಗೆದ್ದವಳೆಂದು ನಂಬಿಸಿ, ಎಲ್ಲಿಯೋ ಅಡಗಿ ಕೂತು, ನೋಡಿ ನೋಡಿ ಇದೇ ಗಳಿಗೆಗೆ ಬಂದಿತಲ್ಲ! ಕುರ್ಚಿ ಎಳೆದು ಕೂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. "ನೀವೆಲ್ಲಾ ಕುಂದರ್ರಿ. ಇವತ್ತ ಇದನ್ನ ನಾ ಬಿಡಂಗಿಲ್ಲ" ಎಂದೆ. ಅಪ್ಪ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ತಾಯಿಯವರೇ, "ಬಿಡಬ್ಯಾಡವ್ವಾ, ನನ್ನ ಹೆಸರಿನ ಮ್ಯಾಲೆ ಕುಂತಾದ" ಎಂದರು.

ಎಂಜಿನಿಯರು ಇನ್ನೊಂದು ಕುರ್ಚಿ ತಂದು, ನಡುವೆ ಸಾಕಷ್ಟು ಜಾಗ ಬಿಟ್ಟು ಕೂತರು. "ನಾ ಏನರೆ ಮಾಡ್ಲೇನ್ರಿ?"

"ಈ ಪಟ್ಟಿ ಓದ್ರಿ. ನಾ ಒಂದೊಂದೇ ನಿಂದ್ರಸ್ತೇನಿ."

ಅದು ಆ ಹೊತ್ತಿಗೆ ಒಳಗೆ ನಡೆಯುತ್ತಿದ್ದ ಕಾರ್ಯಕ್ರಮಗಳ ಪಟ್ಟಿ. ಅವರು ನಕ್ಷೆ ಓದುವ ಮನುಷ್ಯ, ನಿಧಾನಕ್ಕೆ ಬೆರಳಿಟ್ಟು ಓದಿದರು. ಅರ್ಧದಲ್ಲಿ ನಿಂತು, "ಈ ಹೆಸರು ಎರಡು ಸಲ ಅದಲ್ರಿ?" ಎಂದರು.

ನಾನು ಬಗ್ಗಿ ನೋಡಿದೆ. ಒಂದೇ ಹೆಸರಲ್ಲ. ಒಂದು ಕಂಪ್ಯೂಟರಿನದ್ದೇ ಸಾಚಾ ಕಾರ್ಯಕ್ರಮ. ಇನ್ನೊಂದರಲ್ಲಿ ಒಂದು ಅಕ್ಷರ ಮಾತ್ರ ಬೇರೆ. ಇಷ್ಟು ದಿನ ಅದರ ಮೇಲೆ ನನ್ನ ಕಣ್ಣು ಜಾರಿ ಹೋಗಿತ್ತು. ವೇಷ ಹಾಕಿಕೊಂಡು ಮನೆಯವರ ಸಾಲಿನಲ್ಲಿ ಕೂತ ಕಳ್ಳ! ಅದನ್ನು ನಿಲ್ಲಿಸಿದೆ. ನಾವು ನೋಡುತ್ತಿದ್ದಂತೆಯೇ ಗಿಳಿ ಅದನ್ನು ಮತ್ತೆ ಎಬ್ಬಿಸಿತು. ಗಿಳಿಯನ್ನು ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಕಳ್ಳ ಗಿಳಿಯನ್ನು ಕರೆತಂದ. ಬೆಳಿಗ್ಗೆ ನಾನು ಅಳಿಸಿದ್ದ ಸಾಲನ್ನು ಮತ್ತೆ ಬರೆದಿದ್ದವನೂ ಇವನೇ. ಒಬ್ಬರಿಗೊಬ್ಬರು ಕಾವಲು.

"ಎರಡೂ ಒಮ್ಮೆಲೇ ಸಾಯಬೇಕು" ಎಂದೆ, ಹಲ್ಲು ಕಡಿದು.

"ಏನ್ ಹುಡುಗಿ ಬೇ ಇದು" ಎಂದು ತಂದೆಯವರು ಮೆಚ್ಚಿಕೊಂಡು ಇನ್ನೊಂದು ಮುಷ್ಟಿ ಚೂಡಾ ತೆಗೆದುಕೊಂಡರು.

ಎಂಜಿನಿಯರು ಗದ್ದ ಕೆರೆದುಕೊಂಡರು. "ನಾವು ನದ್ಯಾಗ ಪಾಯ ಹಾಕೂಮುಂದ ಹರಿಯೋ ನೀರಾಗ ಕೆಲಸ ಮಾಡಂಗಿಲ್ರಿ. ಮೊದಲ ನೀರು ಬ್ಯಾರೆ ಕಡಿ ತಿರಗಿಸಿ, ಜಾಗ ಒಣ ಮಾಡ್ಕೋತೇವು. ಇದರಾಗ ಏನೂ ಓಡಲಾರದಂಗ ಮಾಡಿ, ಆಮ್ಯಾಲ ಕೈ ಹಾಕಾಕ ಬರ್ತದೇನ್ರಿ?"

ನಾನು ಹಣೆ ಬಡಿದುಕೊಂಡೆ. ಬರುತ್ತದೆ! ಬಣ್ಣದ ಪರದೆ ಏಳುವ ಮೊದಲೇ ತಡೆದರೆ ಕಪ್ಪು ಪರದೆಯೊಂದು ಸಿಗುತ್ತದೆ, ಡಾಸ್. ಚಿತ್ರವಿಲ್ಲ, ಮೌಸಿಲ್ಲ, ಬರೀ ಅಕ್ಷರ. ಗುಲ್ಬರ್ಗದಲ್ಲಿ ಮೊದಲ ತಿಂಗಳು ಅದನ್ನೇ ಕಲಿಸಿದ್ದರು. ಹಳೆಯ ಕಾಲದ್ದೆಂದು ನಾನು ಮರೆತೇ ಬಿಟ್ಟಿದ್ದೆ. ಅಲ್ಲಿ ಗಿಳಿಯೂ ಎದ್ದಿರುವುದಿಲ್ಲ, ಕಳ್ಳನೂ ಎದ್ದಿರುವುದಿಲ್ಲ. ಇಬ್ಬರನ್ನೂ ಮಲಗಿದಲ್ಲೇ ಹಿಡಿಯಬಹುದು.

"ಬರ್ತದ್ರಿ! ಬರ್ತದ!" ಎಂದು ಕೂಗಿ ಕಂಪ್ಯೂಟರು ಮುಚ್ಚಿದೆ. ತೆರೆಯುವುದರೊಳಗೆ ಕರೆಂಟು ಹೋಯಿತು.

ಫ್ಯಾನು ನಿಧಾನಕ್ಕೆ ನಿಂತಿತು. ನೋಡಲು ಬಂದವರು ನೋಡಿದ್ದಾಗಿತ್ತು, ಶಿರಾ ತಿಂದಿದ್ದಾಗಿತ್ತು, ಎದ್ದು ಹೊರಡಬಹುದಿತ್ತು. ಎಂಜಿನಿಯರ ತಾಯಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಅದನ್ನ ಓಡಿಸೂದು ನೋಡೇ ಹೋಗೋಣು" ಎಂದರು. ಹಾಗಾಗಿ ಚಹಾದಲ್ಲಿ ಮುಗಿಯಬೇಕಾಗಿದ್ದ ಶಾಸ್ತ್ರ ಊಟಕ್ಕೆ ಬೆಳೆಯಿತು. ಅವ್ವ ಗಡಬಡಿಸಿ ಒಲೆ ಹೊತ್ತಿಸಿದಳು. ಬದನೆಕಾಯಿ ಪಲ್ಯ ಬೆಳಗಿನದ್ದೇ ಇತ್ತು, ಬ್ಯಾಳಿ ಇತ್ತು, ಶೇಂಗಾ ಹಿಂಡಿ ಇತ್ತು. ರೊಟ್ಟಿಯೇ ಇರಲಿಲ್ಲ. ನಾನು ಹಿಟ್ಟು ಕಲಸಿ ಬಡಿಯಲು ಕೂತೆ. ಮೊದಲನೆಯದು ಅಂಚು ಸೀಳಿತು, ಎರಡನೆಯದು ಅಫಜಲಪುರ ತಾಲೂಕಿನ ನಕ್ಷೆಯಂತಾಯಿತು. ತಾಯಿಯವರು ಬಾಗಿಲಲ್ಲಿ ನಿಂತು ನೋಡಿ, ತುಟಿ ಕಚ್ಚಿ, ಬಳೆ ಮೇಲೇರಿಸಿಕೊಂಡು ಒಳಗೆ ಬಂದರು. "ಸರಿ, ನಾ ಬಡೀತೇನಿ. ನೀ ಬೇಯಿಸು." ಅವರು ಬಡಿದ ರೊಟ್ಟಿ ಹುಣ್ಣಿಮೆಯ ಚಂದ್ರ. ನನ್ನ 'ಬಡೀತೇನ್ರಿ' ಒಂದು ದಿನ ಬಯಲಾಗುತ್ತದೆಂದು ಅವ್ವನಿಗೆ ಗೊತ್ತಿತ್ತು, ಆದರೆ ಇಷ್ಟು ಬೇಗ ಅಂತ ಗೊತ್ತಿರಲಿಲ್ಲ.

ಎಂಜಿನಿಯರು ನೀರು ಕೇಳುವ ನೆಪದಲ್ಲಿ ಅಡುಗೆಮನೆಯ ಹೊಸ್ತಿಲಿಗೆ ಬಂದರು. "ಆ ಕರಿ ಪರದಿ ಅಂದ್ರಲ್ರಿ, ಅದರಾಗ ಅವನ್ನ ಹೆಂಗ ಹುಡುಕ್ತೀರಿ?"

ನಾನು ಅಗಲವಾದ ಪರಾತದಲ್ಲಿ ಹರಡಿದ್ದ ಜೋಳದ ಹಿಟ್ಟಿನ ಮೇಲೆ ಬೆರಳಿನಿಂದ ಗೆರೆ ಎಳೆದು, ದೊಡ್ಡ ಫೋಲ್ಡರು ಯಾವುದು, ಅದರೊಳಗೆ ಯಾವುದು, ಕಳ್ಳ ಎಲ್ಲಿ ಮಲಗಿರುತ್ತಾನೆ ಎಂದು ತೋರಿಸಿದೆ. ಅವರು ಹೊಸ್ತಿಲಲ್ಲೇ ಕುಕ್ಕರಗಾಲಲ್ಲಿ ಕೂತು, ಇದು ಹೀಗಾದರೆ ಅದು ಹೇಗೆ, ಎಂದು ಕೇಳುತ್ತಾ ಹೋದರು. ಹೇಳುತ್ತಾ ಹೋದಂತೆ ನನಗೇ ತಿಳಿಯದೆ ನನ್ನ ಧ್ವನಿ ಏರಿತು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಇಬ್ಬರು ತಾಯಂದಿರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕರಕಲು ರೊಟ್ಟಿಯನ್ನು ಬದಿಗಿಟ್ಟರು.

ಊಟ ಮುಗಿದು ಕೈ ತೊಳೆಯುವಾಗ ಫ್ಯಾನು ತಿರುಗಿತು. ಎಲ್ಲರೂ ಒದ್ದೆ ಕೈಯಲ್ಲೇ ಪಡಸಾಲೆಗೆ ಓಡಿದೆವು. ಸ್ವಿಚ್ಚು ಒತ್ತಿ, ಬಣ್ಣದ ಪರದೆ ಏಳುವ ಮೊದಲೇ ಕೀ ಒತ್ತಿ ಹಿಡಿದೆ. ಕಪ್ಪು ಪರದೆ ಬಂತು. ಮೂಲೆಯಲ್ಲಿ ಸಣ್ಣ ಬಿಳಿ ಗೆರೆಯೊಂದು ಮಿಣುಕುತ್ತಿತ್ತು. "ಕೆಟ್ಟಿತೇನವ್ವಾ?" ಎಂದರು ತಾಯಿ. "ಇಲ್ರಿ, ಇನ್ನೂ ಎದ್ದಿಲ್ಲ" ಎಂದೆ. ತಂದೆಯವರು ಫ್ಯಾನಿನ ಕೆಳಗೆ ನಿಂತು ಅದನ್ನೇ ದಿಟ್ಟಿಸುತ್ತಿದ್ದರು. ಮತ್ತೆ ನಿಂತರೆ ಕೂಡಲೇ ಹೇಳುವ ಜವಾಬ್ದಾರಿ ತಮ್ಮದೆಂಬಂತೆ.

ಕಳ್ಳನ ಹೆಸರು ಬರೆದು ಅಳಿಸು ಎಂದೆ. ಅಂಥ ಫೈಲೇ ಇಲ್ಲ ಎಂದಿತು ಕಂಪ್ಯೂಟರು.

"ಮುಚ್ಚಿಟ್ಟಾರೇನ್ರಿ?" ಎಂದರು ಎಂಜಿನಿಯರು ಮೆಲ್ಲಗೆ.

ಹೌದು, ಮುಚ್ಚಿಟ್ಟಿದ್ದರು! ಮುಚ್ಚಿಟ್ಟ ಫೈಲಿನ ಮುಸುಕು ತೆಗೆಯುವ ಆಜ್ಞೆಯೂ ನನಗೆ ಗೊತ್ತಿತ್ತು. ಬರೆದೆ. ಮತ್ತೆ ಅಳಿಸು ಎಂದೆ. ಈ ಸಲ ಕಂಪ್ಯೂಟರು ತುಟಿ ಪಿಟಕ್ಕೆನ್ನದೆ ಮುಂದಿನ ಸಾಲಿಗೆ ಬಂತು. ಡಾಸ್‌ನಲ್ಲಿ ಮೌನವೆಂದರೆ ಕೆಲಸ ಆಯಿತು ಎಂದರ್ಥ. ಗಿಳಿಯದ್ದನ್ನೂ ಬರೆದೆ. ಮೌನ. "ಆತ್ರಿ?" "ಆತ್ರಿ." "ಎರಡೂ?" "ಎರಡೂ!"

ಕಂಪ್ಯೂಟರು ಮತ್ತೆ ತೆರೆದಾಗ ಪರದೆಯ ನಡುವೆ ಒಂದು ಪೆಟ್ಟಿಗೆ ಎದ್ದಿತು. ಎಲ್ಲರೂ ಒಟ್ಟಿಗೆ "ಬಂತು!" ಎಂದು ಕೂಗಿದರು. ಬಂದದ್ದು ಗಿಳಿಯಲ್ಲ, ದೂರು. ಆ ಫೈಲು ಸಿಗುತ್ತಿಲ್ಲ, ಎಲ್ಲಿ ಹೋಯಿತು ಎಂದು ಕಂಪ್ಯೂಟರು ಕೇಳುತ್ತಿತ್ತು. ಎಂಜಿನಿಯರು ತಮ್ಮ ತಾಯಿಗೆ ವಿವರಿಸಿದರು: "ಹುಡುಕ್ಯಾಡಾಕತ್ತದ ಯವ್ವಾ. ಹೇಳದೆ ಕೇಳದೆ ಹೋಗ್ಯಾರಲ್ಲ." ನಾನು ರಿಜಿಸ್ಟ್ರಿಯಲ್ಲಿ ಉಳಿದಿದ್ದ ಸಾಲುಗಳನ್ನು ಕಿತ್ತು, ಬ್ರೌಸರಿನ ಮೊದಲ ಪುಟವನ್ನು ಖಾಲಿ ಎಂದು ಬರೆದು, ಫೋನಿನ ವೈರು ಸಿಕ್ಕಿಸಿದೆ. ಮೋಡೆಮ್ಮು ಕಿರ್ರೆಂದು, ಕುಂಯ್ಯೆಂದು, ಗೊರಗೊರ ಎಂದಿತು. ಬ್ರೌಸರು ತೆರೆಯಿತು. ಬಿಳಿ. ಬರೀ ಬಿಳಿ. ಚಕ್ರವಿಲ್ಲ, ನಾಣ್ಯವಿಲ್ಲ, ತುತ್ತೂರಿಯಿಲ್ಲ.

"ಏನೂ ಇಲ್ಲಲ್ಲ?" ಎಂದರು ತಂದೆಯವರು, ಪಾಪ, ನಿರಾಸೆಯಿಂದ.

"ಏನೂ ಇಲ್ಲದ್ದೇ ಬೇಕಾಗಿತ್ರಿ!" ಎಂದು ನಾನು ಎದ್ದು ಚಪ್ಪಾಳೆ ಹೊಡೆದೆ. ಎಂಜಿನಿಯರೂ ಹೊಡೆದರು. ನೋಡನೋಡುತ್ತಿದ್ದಂತೆ ಪಡಸಾಲೆಯೆಲ್ಲ ಚಪ್ಪಾಳೆ. ಅಪ್ಪ, ಕೋರ್ಟಿನಲ್ಲಿ ಗೆದ್ದಾಗಲೂ ಹಲ್ಲು ತೋರಿಸದವರು, ಎಂಜಿನಿಯರ ಕೈ ಹಿಡಿದು ಕುಲುಕಿದರು. ಆಮೇಲೆ ನನ್ನ ಬೆನ್ನು ತಟ್ಟಲು ಬಂದು, ಬಂದವರ ಮುಂದೆ ಹೇಗೆ ಎಂದು ಕುರ್ಚಿಯ ಬೆನ್ನನ್ನೇ ತಟ್ಟಿದರು.

"ಇನ್ನ ಏನ್ ಬೇಕಾದ್ರೂ ನೋಡಬಹುದೇನ್ರಿ?" ಎಂದು ಕೇಳಿದರು ಎಂಜಿನಿಯರು. ಅವರಿಗೆ ಮೋಡ ನೋಡಬೇಕಿತ್ತು. ಮೇಲೆ ಮಹಾರಾಷ್ಟ್ರದಲ್ಲಿ ಮಳೆಯಾದರೆ ಕೆಳಗೆ ಸೊನ್ನದಲ್ಲಿ ನೀರು ಏರುತ್ತಿತ್ತು, ಅವರ ಕೆಲಸ ನಿಲ್ಲುತ್ತಿತ್ತು. ಉಪಗ್ರಹ ತೆಗೆದ ಮೋಡಗಳ ಚಿತ್ರ ಇರುವ ಪುಟವನ್ನು ಹುಡುಕಿ ತೆಗೆದೆ. ಚಿತ್ರ ಮೇಲಿನಿಂದ ಕೆಳಗೆ ಒಂದೊಂದೇ ಎಳೆಯಾಗಿ ಇಳಿಯತೊಡಗಿತು. ಮೊದಲು ಹಿಮಾಲಯ, ಆಮೇಲೆ ದಿಲ್ಲಿಯ ಕಡೆ, ಆಮೇಲೆ ಇನ್ನೂ ಕೆಳಗೆ. ನಾವು ಐದಾರು ತಲೆ ಒಂದೇ ಪರದೆಗೆ ಬಗ್ಗಿ, ಉಸಿರು ಬಿಗಿಹಿಡಿದು, ಇಡೀ ದೇಶ ಇಳಿದು ನಮ್ಮ ಕಡೆ ಬರುವುದನ್ನು ಕಾದೆವು. ಪುಣೆಯ ಮೇಲೆ ದಟ್ಟ ಮೋಡ ಕಂಡಿತು. ಸೋಲಾಪುರದ ಅಂಚು ಕಂಡಿತು. ಅಷ್ಟರಲ್ಲಿ ಲೈನು ಕಟ್ಟಾಯಿತು.

"ಆಳಂದ ಬರಾಕ ಇನ್ನ ಒಂದೇ ಬೆರಳಿತ್ತಲ್ಲ!" ಎಂದು ಅವ್ವ ಕೂಗಿದಳು, ಬಸ್ಸು ತಪ್ಪಿಸಿಕೊಂಡವಳ ಹಾಗೆ.

ಸಂಜೆ ಅಪ್ಪ ಅವರನ್ನು ಬಸ್ ಸ್ಟ್ಯಾಂಡಿನವರೆಗೂ ಬಿಟ್ಟು ಬಂದರು. ಶಾಸ್ತ್ರದ ಪ್ರಕಾರ ಯಾವ ಮಾತೂ ಆಗಿರಲಿಲ್ಲ. ಊರಿಗೆ ಹೋಗಿ ತಿಳಿಸುತ್ತೇವೆ ಎಂದಷ್ಟೇ ಹೇಳಿದ್ದರಂತೆ. ನಾನು ಸೀರೆ ಬಿಚ್ಚಿ ಮಡಿಸಿ, ಬಿಚ್ಚಿ ಮತ್ತೆ ಮಡಿಸಿ, ಕಂಪ್ಯೂಟರ್ ತೆರೆದು ಸುಮ್ಮನೆ ಆ ಬಿಳಿ ಪುಟ ನೋಡಿ ಮುಚ್ಚಿದೆ. ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ.

ಮರುದಿನ ಬೆಳಿಗ್ಗೆ ಫೋನು ರಿಂಗಣಿಸಿತು. ನಾನೇ ಎತ್ತಿದೆ.

"ಸೊನ್ನದಿಂದ ಮಾತಾಡಾಕತ್ತೇನ್ರಿ" ಎಂದಿತು ಧ್ವನಿ. ಹಿಂದೆ ಯಾವುದೋ ಯಂತ್ರದ ಸದ್ದು. "ಗಿಣಿ ಮತ್ತ ಬಂತೇನ್ರಿ?"

"ಇಲ್ರಿ."

"ಛಲೋ ಆತು." ಯಂತ್ರದ ಸದ್ದನ್ನು ಮೀರಿಸಲು ಧ್ವನಿ ಏರಿಸಿದರು. "ಬಂದಿದ್ರ ನಾ ಬರಬೇಕಂತ ಮಾಡಿದ್ದೆ."

"ಬರಾಕ ಗಿಣಿನೇ ಬೇಕೇನ್ರಿ?" ಎಂದುಬಿಟ್ಟೆ. ಆಡಿದ ಮಾತು ನನ್ನ ಕಿವಿಗೇ ಬಿದ್ದ ಮೇಲೆ ಫೋನನ್ನು ಹಾವು ಮುಟ್ಟಿದವಳಂತೆ ಕೆಳಗೆ ಹಾಕಿದೆ.

ಆ ದಿನ ನನ್ನಿಂದ ಒಂದು ಕೆಲಸವೂ ನೆಟ್ಟಗಾಗಲಿಲ್ಲ. ಹಿತ್ತಲಿಗೆ ಹೋದವಳು ಯಾಕೆ ಬಂದೆ ಎಂದು ನೆನಪಾಗದೆ ಮರಳಿದೆ. ಅಪ್ಪನ ಅರ್ಜಿ ಟೈಪು ಮಾಡಲು ಕೂತು ಒಂದೇ ಸಾಲನ್ನು ಮತ್ತೆ ಮತ್ತೆ ಬರೆದೆ. ಸಂಜೆ ಕೋರ್ಟಿನಿಂದ ಬಂದ ಅಪ್ಪನಿಗೆ ಚಹಾ ಮಾಡಿಕೊಟ್ಟೆ. ಅವರು ಒಂದು ಗುಟುಕು ಕುಡಿದು ನಿಂತರು. ನನ್ನ ಮುಖ ನೋಡಿದರು. ಇನ್ನೊಂದು ಗುಟುಕು ಕುಡಿದರು. ನಾನು ಸಕ್ಕರೆಯ ಬದಲು ಉಪ್ಪು ಹಾಕಿದ್ದೇನೆಂದು ನನಗೆ ತಿಳಿದದ್ದು ಆಮೇಲೆ, ಅವ್ವ ತನ್ನ ಬಸಿಯನ್ನು ಬಾಯಿಗಿಟ್ಟು ಮುಖ ಕಿವಿಚಿದಾಗ. ಅಪ್ಪ ಮಾತ್ರ ಏನೂ ಆಗದವರಂತೆ ಆ ಚಹಾವನ್ನು ಕೊನೆಯವರೆಗೂ ಕುಡಿದು, ಕಪ್ಪು ಕೆಳಗಿಟ್ಟು, ಅವ್ವನಿಗೆ ಹೇಳಿದರು:

"ಜೇವರ್ಗಿಗೆ ಫೋನ್ ಹಚ್ಚು. ಅವರು ತಿಳಸ್ಲಿ ಅಂತ ಕಾಯೂದು ಬ್ಯಾಡ, ನಾವೇ ಮಾತಾಡೋಣು."